ಮುಂದೇನು ಅಂತ ಗೊತ್ತಿಲ್ದೇನೇ ಕೆಲಸ ಬಿಡೋಣ ಅನ್ಕೊಂಡಿದೀನಿ, ಬಿಟ್ಟು ನೋಡಿರೋರು ಹೇಳಿ

ದಾವಣಗೆರೆಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ವಯಸ್ಸು 32. ಊರು ದಾವಣಗೆರೆ, ಇರೋದು ಬೆಂಗಳೂರು ಮಾರತ್‌ಹಳ್ಳಿ ಕಡೆ, ಫ್ರೆಂಡ್ ಜೊತೆ ಬಾಡಿಗೆ ಮನೇಲಿ. ಪ್ರೊಡಕ್ಷನ್ ಸಪೋರ್ಟ್ ಟೀಮಲ್ಲಿದೀನಿ, ಅಂದ್ರೆ ಅಮೆರಿಕದ ಕ್ಲೈಂಟ್ ಸಿಸ್ಟಮ್ ಅರ್ಧರಾತ್ರೀಲಿ ಬಿದ್ರೆ ಎದ್ದು ಕೂತು ಸರಿ ಮಾಡೋದು ನಮ್ಮ ಕೆಲಸ. ಮೊದಲು ಈ ಆನ್‌ಕಾಲ್ ಡ್ಯೂಟಿ ತಿಂಗಳಿಗೊಂದು ವಾರ ಬರ್ತಿತ್ತು. ಟೀಮಲ್ಲಿ ಅರ್ಧ ಜನ ಹೋದ್ರು, ಅವರ ಜಾಗಕ್ಕೆ ಯಾರನ್ನೂ ತಗೊಳ್ಲಿಲ್ಲ, ಈಗ ವಾರ ಬಿಟ್ಟು ವಾರ. ಅಲರ್ಟ್ ಬಂದ 15 ನಿಮಿಷದೊಳಗೆ ಕಾಲ್‌ಗೆ ಸೇರ್ಬೇಕು. ಸ್ನಾನಕ್ಕೆ ಹೋದ್ರೂ ಫೋನು ಬಾತ್‌ರೂಮ್ ಕಿಟಕಿ ಮೇಲಿರುತ್ತೆ, ರಿಂಗ್ ಕೇಳಿಸ್ಲಿ ಅಂತ ನಲ್ಲಿ ಸಣ್ಣಗೆ ಬಿಟ್ಕೊಂಡು ಸ್ನಾನ ಮಾಡೋದು ಅಭ್ಯಾಸ ಆಗೋಗಿದೆ. ಮೊನ್ನೆ 500ಡಿ ಬಸ್ಸಲ್ಲಿ ಹಿಂದಿನ ಸೀಟಿನವರ ಫೋನು ಅದೇ ಟ್ಯೂನಲ್ಲಿ ಬಡ್ಕೊಳ್ತು, ಅಷ್ಟಕ್ಕೇ ಅಂಗೈಯೆಲ್ಲಾ ಬೆವರಿ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು, ನನ್ನ ಫೋನಲ್ಲ ಅಂತ ಗೊತ್ತಾದ್ಮೇಲೂ ಸಿಲ್ಕ್ ಬೋರ್ಡ್ ಬರೋವರೆಗೂ ನಿಲ್ಲಲಿಲ್ಲ.

ಬೇರೆ ಕೆಲಸ ಹುಡುಕ್ಕೊಂಡು ಬಿಡು ಅಂತ ಎಲ್ಲಾರೂ ಹೇಳ್ತಾರೆ. ಅದಕ್ಕೆ ಓದ್ಬೇಕು, ಇಂಟರ್‌ವ್ಯೂ ಕೊಡ್ಬೇಕು, ಅಷ್ಟು ತಲೆ ಉಳಿದಿಲ್ಲ. ಪುಸ್ತಕ ತೆಗೆದ್ರೆ ಒಂದೇ ಪ್ಯಾರಾ ಮತ್ತೆ ಮತ್ತೆ ಓದ್ತಾ ಕೂತಿರ್ತೀನಿ. ಇದೇ ಫೀಲ್ಡಲ್ಲಿ ಮುಂದುವರೀಬೇಕಾ ಅನ್ನೋದೇ ಗೊತ್ತಿಲ್ಲ.

ಲೆಕ್ಕ ಹೇಳ್ತೀನಿ: ಉಳಿತಾಯ ಏಳೆಂಟು ತಿಂಗಳಿಗೆ ಸಾಕು. ತಂಗಿ ಮದುವೆಗೆ ತಗೊಂಡ ಪರ್ಸನಲ್ ಲೋನ್ ಇನ್ನೊಂದು ವರ್ಷ ಇದೆ, ಇಎಂಐ 14 ಸಾವಿರ. ಅಪ್ಪ ಅಮ್ಮ ಊರಲ್ಲಿ, ಅಪ್ಪಂಗೆ 66, ಶುಗರ್ ಇದೆ, ಹೋದ ವರ್ಷ ಸ್ಟೆಂಟ್ ಹಾಕಿದಾರೆ, ಅದೆಲ್ಲಾ ನನ್ನ ಕಂಪನಿ ಇನ್ಶೂರೆನ್ಸಲ್ಲೇ ಆಗಿದ್ದು. ಅಪ್ಪ ಕಾಟನ್ ಮಿಲ್ಲಲ್ಲಿದ್ದೋರು, ಮಿಲ್ ಮುಚ್ಚಿದಾಗ ನಾನಿನ್ನೂ ಕೈಗೂಸು. ಆಮೇಲೆ ಅಂಗಡೀಲಿ ಲೆಕ್ಕ ಬರ್ಕೊಂಡು ನಮ್ಮಿಬ್ಬರನ್ನ ಓದಿಸಿದ್ರು. ಕೆಲಸ ಕಳ್ಕೊಂಡು ಅಷ್ಟು ಒದ್ದಾಡಿದ ಮನುಷ್ಯಂಗೆ ಕೈಯಾರೆ ಕೆಲಸ ಬಿಡ್ತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ.

ಸೋಮವಾರ ರಾಜೀನಾಮೆ ಮೇಲ್ ಹಾಕೋಣ ಅಂತಿದೀನಿ. ನೋಟಿಸ್ ಪೀರಿಯಡ್ 90 ದಿನ. ಸೇರಿದ್ದು 2021 ಏಪ್ರಿಲ್ ಮೊದಲ ವಾರ.


ಬಸವನಗುಡಿ_ರಾಯರು

ಮಗೂ, ನಾನು ಬ್ಯಾಂಕಲ್ಲಿ ಇದ್ದು ರಿಟೈರ್ ಆದೋನು, ಸಾಲದ ಟೇಬಲ್ ಈ ಕಡೆ ಕೂತು ಬಹಳ ಜನರನ್ನ ನೋಡಿದೀನಿ. ಕೆಲಸ ಕೈಲಿರುವಾಗ ಕೆಲಸ ಹುಡುಕೋದು ಸುಲಭ, ಬಿಟ್ಮೇಲೆ ಹುಡುಕಿದ್ರೆ ಎದುರುಗಡೆಯವನು ಸಂಬಳ ಇಳಿಸೋಕೇ ನೋಡ್ತಾನೆ. ಎರಡು ಕಂತು ತಪ್ಪಿದ್ರೆ ಸಿಬಿಲ್ ಸ್ಕೋರ್ ಬೀಳುತ್ತೆ, 90 ದಿನ ದಾಟಿದ್ರೆ ಖಾತೆ ಎನ್‌ಪಿಎ, ಅಂದ್ರೆ ವಸೂಲಾಗದ ಸಾಲ, ಆಗುತ್ತೆ, ಆಮೇಲೆ ಮನೆ ಸಾಲಕ್ಕೆ ಹೋದಾಗ ಎಲ್ಲಾ ಎದುರಿಗೆ ಬರುತ್ತೆ. ಸಾಧ್ಯ ಆದ್ರೆ ಒಂದು ತಿಂಗಳು ರಜೆ ಹಾಕಿ ಊರಿಗೆ ಹೋಗಿ ಬಾ, ಆಮೇಲೆ ಯೋಚನೆ ಮಾಡು.

ಇನ್ನೊಂದು, ಬಾಂಡ್ ಏನಾದ್ರೂ ಬರ್ಕೊಟ್ಟಿದೀಯಾ ನೋಡ್ಕೋ. ಹಳೇ ವಿಜಯಾ ಬ್ಯಾಂಕಲ್ಲಿ ಮೂರು ವರ್ಷ ಮುಗಿಯೋ ಮುಂಚೆ ಬಿಟ್ಟ ಅಧಿಕಾರಿಯೊಬ್ಬರು 2 ಲಕ್ಷ ಕಟ್ಟಿ ಹೋಗಿ, ಆ ಷರತ್ತೇ ಸರಿ ಇಲ್ಲ ಅಂತ ಕೋರ್ಟಿಗೆ ಹೋಗಿದ್ರು. ನಮ್ಮ ಹೈಕೋರ್ಟಲ್ಲಿ ಅವರ ಕಡೆ ಆಯ್ತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬ್ಯಾಂಕಿನ ಷರತ್ತು ಸರಿ ಅಂತು. ಹಾಗಾಗಿ ಬಾಂಡ್ ಎಲ್ಲಾ ಸುಮ್ನೆ ಕಾಗದ ಅನ್ನೋ ಮಾತು ನಂಬಬೇಡ.


ದಾವಣಗೆರೆಯವಳು

ಸರ್ ಬಾಂಡ್ ಇಲ್ಲ. ರಜೆ ಕೇಳಿದೆ, ನಾಲ್ಕು ದಿನ ಕೊಟ್ರು, ಅದ್ರಲ್ಲೂ ಎರಡು ದಿನ ಕಾಲ್‌ಗೆ ಬಾ ಅಂದ್ರು.


ಹುಬ್ಬಳ್ಳ್ಯಾಂವ

ಅಕ್ಕಾರ, ನಾ ಬಿಟ್ಟೇನ್ರಿ ಹಿಂಗ, ಏನೂ ಗೊತ್ತಿಲ್ಲದನ. ಅದಕ್ಕ ಹೇಳಾಕತ್ತೇನಿ, ಬಿಟ್ಟ ಮೊದಲನೇ ತಿಂಗಳು ಸ್ವರ್ಗ, ನಿದ್ದಿ ಅಂದ್ರ ನಿದ್ದಿ, ಮಧ್ಯಾಹ್ನ ಎದ್ದು ರೊಟ್ಟಿ ತಿಂದು ಮತ್ತ ಮಕ್ಕೊಳ್ಳೋದು. ಎರಡನೇ ತಿಂಗಳದಾಗ ಮೈ ಹಗುರ ಆತು. ಮೂರನೇ ತಿಂಗಳಿಂದ ಜನ ಕೇಳಾಕ ಚಾಲೂ ಮಾಡ್ತಾರ. ಏನ್ ಮಾಡ್ಕೊಂಡೀಪಾ ಈಗ? ಲಗ್ನದಾಗ, ದುರ್ಗದಬೈಲಿನ್ಯಾಗ, ಕಟಿಂಗ್ ಅಂಗಡ್ಯಾಗ, ಎಲ್ಲೆ ಹೋದ್ರೂ ಅದ ಪ್ರಶ್ನಿ. ರೊಕ್ಕ ಇನ್ನೂ ಇತ್ತು ನನ್ನ ಕಡೆ, ಖರೇ ಹೇಳ್ತೇನಿ, ಈ ಪ್ರಶ್ನಿಗೇ ಅಂಜಿ ಬಂದ ಮೊದಲನೇ ಆಫರ್ ಹಿಡ್ಕೊಂಡೆ. ಅದೂ ಹಳೇದರಂಗ ರಾತ್ರಿ ಪಾಳಿ.

ಅದಕ್ಕ ನೀವು ರೊಕ್ಕದ ಲೆಕ್ಕ ಹಾಕಿದಂಗ ಈ ಪ್ರಶ್ನಿಗೂ ಒಂದು ಉತ್ತರ ಮೊದಲ ಮಾಡಿ ಇಟ್ಕೋರಿ. ಸುಳ್ಳು ಹೇಳಬ್ಯಾಡ್ರಿ. ಆರು ತಿಂಗಳು ಬಿಡುವು ತಗೊಂಡೇನಿ, ಆಮ್ಯಾಲ ನೋಡೋದು, ಅಂತ ಗಟ್ಟಿ ಧ್ವನಿಯಾಗ ಹೇಳಿಬಿಟ್ರ ಮಂದಿ ಸುಮ್ಮನಾಗ್ತಾರ. ತಡವರಿಸಿದ್ರ ಮತ್ತ ಮತ್ತ ಕೇಳ್ತಾರ. ಎಚ್‌ಆರ್ ಮಂದಿಗೂ ಅದ ಮಾತು. ಗ್ಯಾಪ್ ಯಾಕ ಅಂದ್ರ ಆನ್‌ಕಾಲ್ ಹೆಚ್ಚಾಗಿ ಆರೋಗ್ಯ ಕೆಟ್ಟಿತ್ತು, ಸುಧಾರಿಸ್ಕೊಂಡೆ, ಈಗ ಆರಾಮ ಅದೇನಿ ಅಂದೆ, ಮುಂದಿನ ಪ್ರಶ್ನಿಗೆ ಹೋದ್ರು.


ಪಿಎಫ್_ಲೆಕ್ಕ

ಮೇಲೆ ಯಾರೂ ಗಮನಿಸಿಲ್ಲ ಅನ್ಸುತ್ತೆ. ಮೇಡಂ, ದಯವಿಟ್ಟು ಸೋಮವಾರ ಮೇಲ್ ಹಾಕ್ಬೇಡಿ.

ಸೇರಿದ್ದು 2021 ಏಪ್ರಿಲ್. ಈ ಸೋಮವಾರ ಡಿಸೆಂಬರ್ 8. ಅವತ್ತು ಹಾಕಿದ್ರೆ 90 ದಿನಕ್ಕೆ ಮಾರ್ಚ್ ಮೊದಲ ವಾರ ರಿಲೀವ್ ಆಗ್ತೀರಾ. ಗ್ರಾಚ್ಯುಟಿಗೆ, ಅಂದ್ರೆ ಬಿಡುವಾಗ ಕಂಪನಿ ಕೊಡೋ ಇಡಿಗಂಟಿಗೆ, 5 ವರ್ಷ ಬೇಕು, ನಿಮಗೆ ಒಂದು ತಿಂಗಳು ಕಡಿಮೆ ಬೀಳುತ್ತೆ! ಅದೇ ಜನವರಿ ಮಧ್ಯದಲ್ಲಿ ಹಾಕಿದ್ರೆ ಏಪ್ರಿಲ್ ಮಧ್ಯಕ್ಕೆ ಹೊರಗೆ, 5 ವರ್ಷ ಪೂರ್ತಿ. ನೋಟಿಸ್ ಪೀರಿಯಡಲ್ಲಿ ಕೆಲಸ ಮಾಡೋ ದಿನಗಳೂ ಸರ್ವೀಸೇ. ಲೆಕ್ಕ ಹೀಗೆ: ಕೊನೇ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷದಿಂದ ಗುಣಿಸಿ. ಬೇಸಿಕ್ 40 ಸಾವಿರ ಅಂತಿಟ್ಕೊಂಡ್ರೆ 1,15,384 ರೂಪಾಯಿ. 20 ಲಕ್ಷದವರೆಗೆ ತೆರಿಗೆ ಇಲ್ಲ. ನಿಮ್ಮ ಇಎಂಐಗೆ ಎಂಟು ತಿಂಗಳು ಬರುತ್ತೆ ಅದು.

ನಾಲ್ಕು ವರ್ಷ 240 ದಿನ ಆದ್ರೆ ಸಾಕು ಅಂತ ಕೆಲವರು ಹೇಳ್ತಾರೆ, ಮದ್ರಾಸ್ ಹೈಕೋರ್ಟಿನ ಹಳೇ ತೀರ್ಪೊಂದಿದೆ ನಿಜ, ಆದ್ರೆ ನಿಮ್ಮ ಕಂಪನಿ ಒಪ್ಪದಿದ್ರೆ ನೀವು ಅದರ ಹಿಂದೆ ಓಡಾಡ್ಬೇಕು. ಐದು ವಾರ ತಡ್ಕೊಂಡ್ರೆ ಆ ರಗಳೆನೇ ಇಲ್ಲ.

ಪಿಎಫ್: ಬಿಟ್ಟ ತಕ್ಷಣ ಕೈ ಹಾಕ್ಬೇಡಿ. ಹಳೇ ಕಂಪನಿ ಪಿಎಫ್ ಇದೇ ಯುಎಎನ್‌ಗೆ (ನಿಮ್ಮ ಪಿಎಫ್ ಖಾತೆಗಳಿಗೆಲ್ಲಾ ಒಂದೇ ನಂಬರ್) ಟ್ರಾನ್ಸ್‌ಫರ್ ಆಗಿದೆಯಾ ಮೊದಲು ನೋಡಿ. ಎಲ್ಲಾ ಸೇರಿ 5 ವರ್ಷ ಆಗಿದ್ರೆ ತೆಗೆದ್ರೂ ತೆರಿಗೆ ಇಲ್ಲ, ಇಲ್ದಿದ್ರೆ ಬೀಳುತ್ತೆ. ಮೊದಲು ಎರಡು ತಿಂಗಳು ಕೆಲಸ ಇಲ್ದೆ ಇದ್ರೆ ಪೂರ್ತಿ ತೆಗೀಬಹುದಿತ್ತು. 2025ರ ಅಕ್ಟೋಬರಲ್ಲಿ ಪಿಎಫ್ ನೋಡ್ಕೊಳ್ಳೋ ಇಪಿಎಫ್‌ಒ ಮಂಡಳಿ ಆ ಎರಡು ತಿಂಗಳನ್ನ 12 ತಿಂಗಳಿಗೆ ಏರಿಸೋ ತೀರ್ಮಾನ ತಗೊಂಡಿದೆ, 75 ಪರ್ಸೆಂಟ್ ಮಾತ್ರ ಮೊದಲೇ ಸಿಗೋ ಹಾಗೆ. ಅದಕ್ಕೇ ಪೂರ್ತಿ ಪಿಎಫ್ ಇದೆಯಲ್ಲ ಅಂತ ತಿಂಗಳ ಖರ್ಚಿನ ಲೆಕ್ಕಕ್ಕೆ ಸೇರಿಸ್ಕೋಬೇಡಿ. ಪಿಂಚಣಿ ಭಾಗ ಅಂತೂ ಮುಟ್ಟಲೇಬೇಡಿ, ಒಟ್ಟು 10 ವರ್ಷ ಸರ್ವೀಸ್ ಆದ್ರೆ 58ಕ್ಕೆ ಪಿಂಚಣಿ ಬರುತ್ತೆ, ನಿಮ್ಮ ವಯಸ್ಸು ನೋಡಿದ್ರೆ ಅದರ ಹತ್ತಿರಾನೇ ಇರ್ತೀರಾ.

ಏಪ್ರಿಲಲ್ಲಿ ಬಿಟ್ರೆ ಇನ್ನೊಂದು ಲಾಭ, ಆ ಹಣಕಾಸು ವರ್ಷದಲ್ಲಿ ಸಂಬಳ ಹೆಚ್ಚು ಕಮ್ಮಿ ಇಲ್ಲವೇ ಇಲ್ಲ, ಹೊಸ ತೆರಿಗೆ ಪದ್ಧತೀಲಿ 12 ಲಕ್ಷದವರೆಗೆ ತೆರಿಗೆ ಬೀಳಲ್ಲ, ಟಿಡಿಎಸ್ ಅಂತ ಮೊದಲೇ ತೆರಿಗೆ ಹಿಡಿದಿದ್ರೆ ರಿಟರ್ನ್ ಹಾಕಿ ವಾಪಸ್ ತಗೋಬಹುದು.


ದಾವಣಗೆರೆಯವಳು

ಸರ್ ಇದು ನಂಗೆ ಹೊಳೆದೇ ಇರ್ಲಿಲ್ಲ. ಬೇಸಿಕ್ ಹೆಚ್ಚು ಕಮ್ಮಿ ನೀವು ಹೇಳಿದಷ್ಟೇ. ಆದ್ರೆ ಇನ್ನೂ ಐದು ವಾರ, ಅದ್ರ ಮೇಲೆ 90 ದಿನ ಅಂದ್ರೆ... ಸೋಮವಾರ ಅನ್ನೋದನ್ನ ಹಿಡ್ಕೊಂಡೇ ಈ ವಾರ ತಳ್ಳಿದ್ದು ನಾನು.


ಕುಡ್ಲದ_ನರ್ಸ್

ನೋಡಿ ಮಾರಾಯ್ರೆ, ದುಡ್ಡಿನ ಲೆಕ್ಕ ಎಲ್ಲ ಸರಿ ಉಂಟು, ಆದರೆ ಈ ಹುಡುಗಿ ಮೊದಲನೇ ಪೋಸ್ಟಿನಲ್ಲಿ ಏನು ಬರೆದಿದ್ದಾಳೆ ಅಂತ ಯಾರೂ ಓದಲಿಲ್ಲವಾ? ಬೇರೆಯವರ ಫೋನು ರಿಂಗ್ ಆದರೆ ಇವಳ ಕೈ ಬೆವರುತ್ತದೆ. ಓದಿದ್ದು ತಲೆಗೆ ಹೋಗುವುದಿಲ್ಲ. ಇದು ಸೋಮಾರಿತನ ಅಲ್ಲ. ನಾನು ಗಲ್ಫಿನಲ್ಲಿ ಐಸಿಯುನಲ್ಲಿ ಕೆಲಸ ಮಾಡಿದವಳು, ಊರಿಗೆ ಬಂದ ಮೇಲೂ ಕುಕ್ಕರ್ ವಿಸಿಲ್ ಕೇಳಿದರೆ ಮಾನಿಟರ್ ಅಲಾರಂ ಅಂತ ಎದ್ದು ಓಡುತ್ತಿದ್ದೆ, ಹಾಗಾಗಿ ಹೇಳುವುದು.

ಕೆಲಸದ ಒತ್ತಡದಿಂದ ಹೀಗೆ ಬತ್ತಿಹೋಗುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿದೆ, ಕಾಯಿಲೆ ಅಂತ ಅಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ. ಆದರೆ ಇದು ಬರೀ ಸುಸ್ತಾ, ಆತಂಕದ ಕಾಯಿಲೆಯಾ, ಥೈರಾಯ್ಡಾ, ಬಿ12 ಕಮ್ಮಿಯಾ, ಅದನ್ನು ನಾವು ಇಲ್ಲಿ ಕೂತು ಹೇಳಲಿಕ್ಕೆ ಆಗುವುದಿಲ್ಲ. ಬಿಡುವ ಮೊದಲೇ ಡಾಕ್ಟರಿಗೆ ತೋರಿಸಿ. ಬೆಂಗಳೂರಲ್ಲೇ ಇದ್ದೀರಿ, ನಿಮ್ಹಾನ್ಸಿನವರದ್ದು ಬಿಟಿಎಂ ಲೇಔಟಲ್ಲಿ ವೆಲ್‌ಬೀಯಿಂಗ್ ಸೆಂಟರ್ ಉಂಟು, ದೊಡ್ಡ ಆಸ್ಪತ್ರೆಗೆ ಹೋಗಲಿಕ್ಕೆ ಅಳುಕು ಇದ್ದವರಿಗೆ ಅದು ಒಳ್ಳೆಯದು. ರಾತ್ರಿ ತಡೆಯಲಿಕ್ಕೆ ಆಗದಿದ್ದರೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ.

ಡಾಕ್ಟರ್ ರಜೆ ಬರೆದುಕೊಟ್ಟರೆ ಅದು ಮೆಡಿಕಲ್ ಲೀವ್, ಮ್ಯಾನೇಜರ ಹತ್ತಿರ ಬೇಡುವ ರಜೆ ಅಲ್ಲ. ಆ ಐದು ವಾರ ಹೇಗೆ ಕಳೆಯುವುದು ಅಂತ ಕೇಳಿದಿರಲ್ಲ, ಒಂದು ದಾರಿ ಇದು.


ಪೀಣ್ಯ_2ನೇ_ಹಂತ

ಬೇಜಾರ್ ಮಾಡ್ಕೋಬೇಡಿ, ಮನಸಲ್ಲಿರೋದು ಹೇಳ್ತೀನಿ. ನಾನು ಸಿಎನ್‌ಸಿ (ಕಂಪ್ಯೂಟರಿಂದ ನಡೆಯೋ ಮಷಿನ್) ಆಪರೇಟರ್, ಕಾಂಟ್ರಾಕ್ಟ್. ನಮ್ಮಲ್ಲಿ ಯಾರೂ ಕೆಲಸ ಬಿಡೋ ಬಗ್ಗೆ ಹಿಂಗೆ ಕೂತು ಮಾತಾಡಲ್ಲ. ಈ ತಿಂಗಳ ಸಂಬಳ ಬರ್ಲಿಲ್ಲ ಅಂದ್ರೆ ಮುಂದಿನ ತಿಂಗಳ ಬಾಡಿಗೆ ಇಲ್ಲ. ನಮ್ಮ ಲೈನಲ್ಲಿ ಒಬ್ಬ ಮೇಸ್ತ್ರಿ ಬೈದ ಅಂತ ಅವತ್ತೇ ಗೇಟ್ ದಾಟಿ ಹೋದ, ಎರಡು ವಾರಕ್ಕೆ ಅದೇ ಏರಿಯಾದಲ್ಲಿ ಬೇರೆ ಶೆಡ್ಡಲ್ಲಿ ಕಮ್ಮಿ ಕೂಲಿಗೆ ನಿಂತಿದ್ದ. ನೀವು ಏಳೆಂಟು ತಿಂಗಳು ಕೂಡಿಟ್ಟಿದೀರಲ್ಲ, ಅದು ದೊಡ್ಡ ವಿಷಯ ಮೇಡಂ, ಅದನ್ನ ಚಿಕ್ಕದು ಅನ್ಕೋಬೇಡಿ. ಅಷ್ಟಿದ್ರೆ ನಾನಂತೂ ಇಷ್ಟೊತ್ತಿಗೆ ಸರ್ಜಾಪುರದ ಕಡೆ ಹೋಗಿ ಡಿಸೈನ್ ಕೋರ್ಸಿಗೆ ಸೇರಿರ್ತಿದ್ದೆ.


ದಾವಣಗೆರೆಯವಳು

ಅಣ್ಣಾ ಬೇಜಾರೇನಿಲ್ಲ. ನೀವು ಹೇಳಿದ್ದು ಅಪ್ಪನ ಮಾತಿನ ಹಾಗೇ ಇದೆ.


ನಿಟ್ಟೂರಿನ_ಹುಡುಗ

ಕೆಲಸ ಬಿಟ್ರೆ ಸರ್ಕಾರದ ಯುವನಿಧಿ ತಿಂಗಳಿಗೆ 3000 ಬರಲ್ವಾ? ಅದನ್ನೂ ಲೆಕ್ಕಕ್ಕೆ ತಗೋಬಹುದಲ್ಲ.


ಪಿಎಫ್_ಲೆಕ್ಕ

ಇಲ್ಲ ತಮ್ಮಾ, ಅದು 2022-23ರಿಂದ ಈಚೆಗೆ ಡಿಗ್ರಿ ಡಿಪ್ಲೊಮಾ ಮುಗಿಸಿ 180 ದಿನ ಆದ್ರೂ ಕೆಲಸ ಸಿಗದೆ ಇರೋರಿಗೆ. ಡಿಗ್ರಿಗೆ 3000, ಡಿಪ್ಲೊಮಾಗೆ 1500, ಎರಡು ವರ್ಷದವರೆಗೆ. ತಾವಾಗೇ ರಾಜೀನಾಮೆ ಕೊಟ್ಟೋರಿಗೆ ನಮ್ಮಲ್ಲಿ ಸರ್ಕಾರದಿಂದ ನಿರುದ್ಯೋಗ ಭತ್ಯೆ ಅನ್ನೋದೇ ಇಲ್ಲ.


ಡಲ್ಲಾಸ್_ಕನ್ನಡಿಗ

ಇಲ್ಲಿಂದ ಒಂದು ಮಾತು. ನಮಗೆ ಪ್ಲಾನ್ ಇಲ್ದೆ ಬಿಡೋ ಸ್ವಾತಂತ್ರ್ಯನೇ ಇಲ್ಲ. ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಇದ್ರೆ ಕೆಲಸ ಮುಗಿದ ದಿನದಿಂದ ಹೆಚ್ಚಂದ್ರೆ 60 ದಿನ, ಅಷ್ಟರಲ್ಲಿ ಇನ್ನೊಬ್ಬ ಎಂಪ್ಲಾಯರ್ ಪಿಟಿಷನ್ ಹಾಕ್ಬೇಕು, ಇಲ್ಲ ವೀಸಾ ಸ್ಟೇಟಸ್ ಬದಲಾಯಿಸ್ಬೇಕು, ಇಲ್ಲ ಗಂಟುಮೂಟೆ ಕಟ್ಬೇಕು. ಮಕ್ಕಳ ಸ್ಕೂಲು, ಕಾರ್ ಲೋನು, ಲೀಸು ಎಲ್ಲಾ ಆ 60 ದಿನದೊಳಗೆ. ಅದಕ್ಕೇ ಇಲ್ಲಿ ನಮ್ಮೋರು ಎಷ್ಟೇ ಹಿಂಸೆ ಆದ್ರೂ ಕಚ್ಕೊಂಡು ಕೂತಿರ್ತಾರೆ. ನೀವು ನಿಮ್ಮ ಊರಲ್ಲೇ ಇದೀರಾ, ಬಸ್ ಹತ್ತಿದ್ರೆ ಐದಾರು ಗಂಟೇಲಿ ಅಪ್ಪ ಅಮ್ಮನ ಮನೆ, ಅಲ್ಲಿ ಬಾಡಿಗೆ ಇಲ್ಲ, ಯಾರೂ ಹೊರಗೆ ಹೋಗು ಅನ್ನಲ್ಲ. ಬೆಂಗಳೂರು ಮನೆ ಖಾಲಿ ಮಾಡಿ ಊರಿಗೆ ಹೋದ್ರೆ ಏಳೆಂಟು ತಿಂಗಳ ದುಡ್ಡು ಒಂದು ವರ್ಷ ದಾಟುತ್ತೆ, ಅದನ್ನ ಯೋಚಿಸಿ.


ತೋಟದಮನೆ

ಎಲ್ಲಾರೂ ದುಡ್ಡಿನ ಬಗ್ಗೆ ಹೇಳಿ ಹೆದರಿಸ್ತಾ ಇದೀರಿ. ಕ್ಯಾಪ್ಟನ್ ಗೋಪಿನಾಥ್ ಅವರನ್ನ ನೋಡಿ, 1971ರ ಯುದ್ಧದಲ್ಲಿದ್ದವರು, ಇಪ್ಪತ್ತೆಂಟರ ಆಸುಪಾಸಿನಲ್ಲಿ ಸೇನೆ ಬಿಟ್ಟು ಜಾವಗಲ್ ಹತ್ರ ಬೀಡುಭೂಮೀಲಿ ಟೆಂಟ್ ಹಾಕ್ಕೊಂಡು ಕೃಷಿ ಮಾಡಿದ್ರು, ಆಮೇಲೆ 2003ರಲ್ಲಿ ವಿಮಾನ ಕಂಪನೀನೇ ಕಟ್ಟಿದ್ರು. ಅವತ್ತು ಅವರ ಹತ್ರ ಏರ್ ಡೆಕ್ಕನ್ ಪ್ಲಾನ್ ಇತ್ತಾ? ಬಿಟ್ಟರೆ ದಾರಿ ತಾನೇ ಕಾಣುತ್ತೆ.


ಬಸವನಗುಡಿ_ರಾಯರು

ಗೋಪಿನಾಥ್ ಬಗ್ಗೆ ನನಗೂ ಗೌರವ ಇದೆ. ಆದ್ರೆ ಅವರು ಹೋಗಿದ್ದು ಸ್ವಂತ ಜಮೀನಿಗೆ. ಗೊರೂರಿನ ಹೇಮಾವತಿ ಅಣೆಕಟ್ಟಿಗೆ ಮನೆತನದ ಭೂಮಿ ಮುಳುಗಿದ್ದಕ್ಕೆ ಪರಿಹಾರವಾಗಿ ಸಿಕ್ಕ ಜಮೀನು ಅದು. ಬೀಡೇ ಇರ್ಲಿ, ನಿಲ್ಲೋಕೆ ನೆಲ ಇತ್ತು. ಈ ಹುಡುಗಿಗೆ ದಾವಣಗೆರೇಲಿ ಅಪ್ಪನ ಮನೆ ಇದೆ, ಜಮೀನು ಇಲ್ಲ. ಗೆದ್ದವರ ಕತೆ ಮಾತ್ರ ನಮ್ಮ ಕಿವಿಗೆ ಬೀಳುತ್ತೆ, ಬಿಟ್ಟು ಸೋತವರು ಸಂದರ್ಶನ ಕೊಡಲ್ಲ.


ಕೊನೆಗಾರನ_ನೆಂಟ

ತೋಟದಮನೆಯವರೇ, ನಾನೂ ತೀರ್ಥಹಳ್ಳಿ ಕಡೆಯವನೇ, ಬೆಂಗಳೂರು ಬಿಟ್ಟು ತೋಟಕ್ಕೆ ಬಂದವನು, ಅದಕ್ಕೇ ಈ ಮಾತು ಸುಮ್ನೆ ಬಿಡೋಕಾಗ್ತಿಲ್ಲ. ಊರಿಗೆ ಹೋಗಿ ಕೃಷಿ ಅಂತ ಹೇಳೋದು ಬಾಯಿಗೆ ಸಲೀಸು. ಹೊಸದಾಗಿ ಅಡಿಕೆ ಹಾಕಿದ್ರೆ ಫಸಲು ಕಣ್ಣಿಗೆ ಬೀಳೋಕೆ ಐದರಿಂದ ಏಳು ವರ್ಷ. ಇರೋ ಮರಕ್ಕೆ ಎಲೆಚುಕ್ಕಿ ರೋಗ, ಮಳೆಗಾಲ ಬಂತಂದ್ರೆ ಕೊಳೆ. ಬೋರ್ಡೊ (ಕೊಳೆ ತಡೆಯೋ ಔಷಧಿ) ಹೊಡೆಯೋಕೆ ಮಳೆ ಬಿಡುವು ಕೊಡ್ಬೇಕು, ಮಳೆ ಬಿಡುವು ಕೊಟ್ಟ ದಿನ ಮರ ಹತ್ತೋ ಕೊನೆಗಾರ ಸಿಗ್ಬೇಕು, ಅವನು ಸಿಕ್ಕ ದಿನ ಮತ್ತೆ ಮಳೆ. ಹೋದ ಆಷಾಢದಲ್ಲಿ ಸುಣ್ಣ ಮೈಲುತುತ್ತ ಕಲಸಿಟ್ಟುಕೊಂಡು ಬ್ಯಾರಲ್ ಪಕ್ಕ ಆಕಾಶ ನೋಡ್ತಾ ನಿಂತಿದ್ದೇ ನಿಂತಿದ್ದು, ದ್ರಾವಣ ಅವತ್ತೇ ಹೊಡೀಬೇಕು, ಇಟ್ಟು ನಾಳೆ ಹೊಡೆದ್ರೆ ಪ್ರಯೋಜನ ಇಲ್ಲ, ಅಷ್ಟೂ ಚೆಲ್ಲಿದ್ದಾಯ್ತು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಯಾರು ಬೇಕಾದ್ರೂ ಕೃಷಿ ಜಮೀನು ತಗೋಬಹುದು ಅಂತ ಆಯ್ತಲ್ಲ, ನಮ್ಮ ಸುತ್ತಮುತ್ತ ಸುಮಾರು ಜನ ಬೆಂಗಳೂರಿಂದ ಬಂದು ತಗೊಂಡ್ರು. ಅರ್ಧಕ್ಕರ್ಧ ಗೇಟಿಗೆ ಬೀಗ ಬಿದ್ದಿದೆ. ನಂಗೆ ಇಲ್ಲಿ ನೆಮ್ಮದಿ ಇದೆ, ವಾಪಸ್ ಹೋಗಲ್ಲ. ಆದ್ರೆ ದಣಿದು ಬಂದವರಿಗೆ ತೋಟ ವಿಶ್ರಾಂತಿ ಕೊಡಲ್ಲ, ಗೈಮೆ ಕೊಡುತ್ತೆ. ಈ ತಂಗಿಗೆ ಈಗ ಬೇಕಿರೋದು ನಿದ್ದೆ.


ಕುವೆಂಪುನಗರ_ಸವಿ

ನಾನು ಇನ್ನೊಂದು ಕಡೆಯಿಂದ ಬರೀತೀನಿ. ನನ್ನ ಗಂಡ ಕೆಲಸ ಬಿಟ್ಟಿದ್ರು, ನಂಗೆ ಹೇಳಿರ್ಲಿಲ್ಲ. ದಿನಾ ಬೆಳಗ್ಗೆ ಡಬ್ಬಿ ತಗೊಂಡು, ಐಡಿ ಕಾರ್ಡ್ ಕುತ್ತಿಗೆಗೆ ಹಾಕ್ಕೊಂಡು ಹೋಗೋರು, ಸಂಜೆ ಸರಿಯಾದ ಟೈಮಿಗೆ ಬರೋರು. ಕುಕ್ಕರಹಳ್ಳಿ ಕೆರೆ ಹತ್ರ, ಲೈಬ್ರರೀಲಿ, ಎಲ್ಲೋ ಒಂದು ಕಡೆ ಕೂತಿದ್ದು ಬರೋರು. ಸಂಬಳದ ದಿನ ಬೇರೆ ಖಾತೆಯಿಂದ ಮನೆ ಖಾತೆಗೆ ದುಡ್ಡು ಹಾಕೋರು. ಒಂದಿನ ಮಗುಗೆ ಹುಷಾರಿಲ್ದೆ ಆಸ್ಪತ್ರೆಗೆ ಹೋದಾಗ ಇನ್ಶೂರೆನ್ಸ್ ಕಾರ್ಡ್ ಕೊಟ್ರೆ ಕೌಂಟರಲ್ಲಿ ಇದು ಆಕ್ಟಿವ್ ಇಲ್ಲ ಮೇಡಂ ಅಂದ್ರು. ಅಲ್ಲಿ, ಜನರ ಮಧ್ಯೆ, ನಂಗೆ ಗೊತ್ತಾಗಿದ್ದು.

ಕೆಲಸ ಬಿಟ್ಟಿದ್ದಕ್ಕೆ ನಂಗೆ ಕೋಪ ಬರ್ಲಿಲ್ಲ, ದೇವರಾಣೆಗೂ. ಅಷ್ಟು ತಿಂಗಳು ಅವರೊಬ್ರೇ ಅದನ್ನ ಹೊತ್ಕೊಂಡು ಕೆರೆ ದಂಡೇಲಿ ಡಬ್ಬಿ ಬಿಚ್ಚಿ ಊಟ ಮಾಡಿದ್ರಲ್ಲ, ಅದು ನಂಗೆ ಈಗ್ಲೂ ತಡ್ಕೊಳ್ಳೋಕಾಗಲ್ಲ. ಗೊತ್ತಿದ್ರೆ ನಾನು ಟ್ಯೂಷನ್ ಹೇಳ್ಕೊಡ್ತಿದ್ದೆ, ಖರ್ಚು ಇಳಿಸ್ತಿದ್ದೆ, ಏನೋ ಒಂದು ಮಾಡ್ತಿದ್ವಿ.

ದಾವಣಗೆರೆಯವ್ರೇ, ಮೇಲ್ ಆಮೇಲೆ ಹಾಕಿ. ಮೊದಲು ಅಪ್ಪಂಗೆ ಹೇಳಿ. ಫೋನಲ್ಲಲ್ಲ, ಹೋಗಿ ಹೇಳಿ.


ಹುಬ್ಬಳ್ಳ್ಯಾಂವ

ಸವಿ ಅಕ್ಕಾರ ಹೇಳಿದ್ದು ಖರೇ ಅದ. ನಾ ಮನ್ಯಾಗ ಹೇಳಿ ಬಿಟ್ಟಿದ್ದೆ, ಅದಕ್ಕ ಅಷ್ಟಾದ್ರೂ ತಡಕೊಂಡೆ.


ಪಿಎಫ್_ಲೆಕ್ಕ

ನಂಗೆ ಅನ್ಸೋದು ಇಷ್ಟು. ಮುಂದಿನ ಕೆಲಸ ಯಾವುದು ಅಂತ ಗೊತ್ತಿಲ್ಲದೆ ಬಿಡಬಹುದು, ಮುಂದಿನ ಆಸ್ಪತ್ರೆ ಬಿಲ್ಲು ಯಾರು ಕಟ್ತಾರೆ ಅಂತ ಗೊತ್ತಿಲ್ಲದೆ ಬಿಡಬಾರದು. ನಮ್ಮಲ್ಲಿ 90 ದಿನ ನೋಟಿಸ್ ಇದೆಯಲ್ಲ, ಎಲ್ಲಾರೂ ಅದನ್ನ ಶಿಕ್ಷೆ ಅನ್ಕೋತಾರೆ. ಪ್ಲಾನ್ ಇಲ್ಲದೆ ಬಿಡೋರಿಗೆ ಅದು ಸಂಬಳ ಬರ್ತಾ ಇರೋ ಮೂರು ತಿಂಗಳು. ಇನ್ಶೂರೆನ್ಸ್, ಸಾಲ, ಪಿಎಫ್, ಮನೆ, ಎಲ್ಲಾ ಆ ಟೈಮಲ್ಲೇ ಮುಗಿಸ್ಕೊಳ್ಳಿ. ಒಂದು ಎಚ್ಚರಿಕೆ, ಮೇಲ್ ಹಾಕಿದ ತಕ್ಷಣ ಇವತ್ತೇ ಹೋಗು ಅನ್ನೋ ಕಂಪನಿಗಳೂ ಇವೆ. ಅದಕ್ಕೇ ಅಪ್ಪನ ಇನ್ಶೂರೆನ್ಸ್ ಕೆಲಸ ಮಾತ್ರ ಮೇಲ್ ಹಾಕೋ ಮುಂಚೆನೇ ಆಗ್ಬೇಕು. ಸಾಧ್ಯ ಆದ್ರೆ 5 ವರ್ಷ ತುಂಬಿದ ಮೇಲೇ ಮೇಲ್ ಹಾಕೋದು ಇನ್ನೂ ಸೇಫು, ಅಷ್ಟು ತಾಳ್ಮೆ ಇದೆಯಾ ಅನ್ನೋದು ನಿಮಗೆ ಬಿಟ್ಟಿದ್ದು.

ಮತ್ತೆ ಹೊಸ ಲೇಬರ್ ಕೋಡ್ (ಕಾರ್ಮಿಕ ಸಂಹಿತೆ) ಪ್ರಕಾರ ಈಗ ರಾಜೀನಾಮೆ ಕೊಟ್ಟು ಹೊರಗೆ ಹೋದ ಎರಡು ಕೆಲಸದ ದಿನದೊಳಗೆ ಬರಬೇಕಾದ ಸಂಬಳ ಕೊಡ್ಬೇಕು, 2025 ನವೆಂಬರ್ 21ರಿಂದ ಜಾರಿಗೆ ಬಂದಿದೆ. 45 ದಿನ ಆಗುತ್ತೆ ಅಂತ ಎಚ್‌ಆರ್ ಹೇಳಿದ್ರೆ ಇದನ್ನ ಮೇಲಲ್ಲೇ ಕೇಳಿ, ಬಾಯಿಮಾತಲ್ಲಿ ಬೇಡ. ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯೆನ್ಸ್ ಲೆಟರ್, ಕೊನೇ ಮೂರು ಪೇಸ್ಲಿಪ್, ಫಾರ್ಮ್ 16 ನಿಮ್ಮ ಪರ್ಸನಲ್ ಮೇಲ್‌ಗೆ ತರಿಸ್ಕೊಳ್ಳಿ, ಆಫೀಸ್ ಲ್ಯಾಪ್‌ಟಾಪ್ ವಾಪಸ್ ಕೊಟ್ಮೇಲೆ ಏನೂ ಸಿಗಲ್ಲ.


ಖಾಸಗಿ_ಟೀಚರ್

ಓದ್ತಾ ಇದ್ದೆ, ಕೇಳೋಣ ಅನ್ನಿಸ್ತು. ನಾನು ಖಾಸಗಿ ಶಾಲೇಲಿ, ಪಿಎಫ್ ಇಲ್ಲ, ಮೂಲ ಮಾರ್ಕ್ಸ್‌ಕಾರ್ಡೆಲ್ಲಾ ಸೇರುವಾಗಲೇ ಇಟ್ಕೊಂಡಿದಾರೆ, ವರ್ಷದ ಮಧ್ಯೆ ಬಿಟ್ರೆ ಕೊಡಲ್ಲ ಅಂತಾರೆ. ಏನ್ ಮಾಡೋದು?


ಪಿಎಫ್_ಲೆಕ್ಕ

ನಿಮ್ಮ ಮೂಲ ದಾಖಲೆ ಹಿಡಿದಿಟ್ಕೊಳ್ಳೋ ಅಧಿಕಾರ ಅವರಿಗಿಲ್ಲ. ವಾಪಸ್ ಕೊಡಿ ಅಂತ ಬರವಣಿಗೇಲಿ ಕೇಳಿ, ಸ್ಪೀಡ್ ಪೋಸ್ಟಲ್ಲಿ ಕಳ್ಸಿ, ಕೊಡದಿದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೂ ಪೊಲೀಸ್ ಠಾಣೆಗೂ ದೂರು ಕೊಡಿ. 20 ಜನ ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರೋ ಶಾಲೆಗೂ ಪಿಎಫ್ ಅನ್ವಯ ಆಗುತ್ತೆ, ಅದನ್ನ ಬೇರೆ ಚರ್ಚೇಲಿ ಬರೀರಿ, ವಿವರವಾಗಿ ಹೇಳ್ತೀನಿ.


ದಾವಣಗೆರೆಯವಳು

ಎಲ್ಲರಿಗೂ ಒಟ್ಟಿಗೆ ಉತ್ತರ ಬರೀತಿದೀನಿ. ಮೇಲ್ ಹಾಕ್ಲಿಲ್ಲ. ಶನಿವಾರ ಊರಿಗೆ ಹೋಗಿದ್ದೆ.

ಊಟ ಆದ್ಮೇಲೆ ಅಪ್ಪಂಗೆ ಹೇಳ್ದೆ. ಬಸ್ಸಲ್ಲಿ ಆಗಿದ್ದೂ ಹೇಳ್ದೆ. ಅವರು ಬಹಳ ಹೊತ್ತು ಏನೂ ಮಾತಾಡ್ಲಿಲ್ಲ, ಮಾತ್ರೆ ಡಬ್ಬಿ ತೆಗೆದು ರಾತ್ರಿ ಮಾತ್ರೆ ತಗೊಂಡ್ರು, ನಾನು ಬೈಗುಳಕ್ಕೆ ಕಾಯ್ತಾ ಇದ್ದೆ. ಆಮೇಲೆ ಮಿಲ್ ಮುಚ್ಚಿದ ಕತೆ ಹೇಳಿದ್ರು, ಇಷ್ಟು ವರ್ಷದಲ್ಲಿ ಒಂದು ಸಲವೂ ಪೂರ್ತಿ ಹೇಳಿರ್ಲಿಲ್ಲ. ಪಾಳಿಗೆ ಹೋದ್ರೆ ಗೇಟ್ ಹಾಕಿತ್ತಂತೆ, ಒಂದು ಚೀಟಿ ಅಂಟಿಸಿದ್ರಂತೆ, ಇವತ್ತು ತೆಗೀತಾರೆ ನಾಳೆ ತೆಗೀತಾರೆ ಅಂತ ಎಲ್ಲಾರೂ ಬುತ್ತಿ ತಗೊಂಡು ದಿನಾ ಹೋಗಿ ಅಲ್ಲೇ ಕೂತು ಬರ್ತಿದ್ರಂತೆ. ಬರಬೇಕಾದ ದುಡ್ಡು ಬರೋಕೆ ವರ್ಷಗಳೇ ಹಿಡೀತು. ಹೇಳಿ ಮುಗಿಸಿ, ನಂಗ್ಯಾರೂ ಮೂರು ತಿಂಗಳು ಮುಂಚೆ ಹೇಳಿರ್ಲಿಲ್ಲವ್ವಾ, ನಿನ್ ಕೈಯಾಗೈತಿ, ಸರಿಯಾಗಿ ನೋಡ್ಕ್ಯಂಡು ಬಿಡು, ಅಂದ್ರು. ಅಮ್ಮ ಮಾತ್ರ ಬೇಜಾರಲ್ಲಿದಾರೆ, ಮದುವೆ ವಿಷಯ ಎತ್ತಿದ್ರು, ಅದು ಬೇರೆ ರಾಮಾಯಣ.

ಈಗ ತೀರ್ಮಾನ ಇಷ್ಟು. ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ, ಮೊದಲು ಅದು. ಮೇಲ್ ಜನವರಿ ಮಧ್ಯಕ್ಕೆ, ಡಾಕ್ಟರ್ ಈಗ್ಲೇ ಬಿಡಲೇಬೇಕು ಅಂದ್ರೆ ಮಾತ್ರ ಗ್ರಾಚ್ಯುಟಿ ಆಸೆ ಬಿಡ್ತೀನಿ. ಮೆಡಿಕಲ್ ಲೀವ್ ಸಿಕ್ರೆ ತಗೋತೀನಿ. ಏಪ್ರಿಲಲ್ಲಿ ಮನೆ ಖಾಲಿ ಮಾಡಿ ಊರಿಗೆ. ಗ್ರಾಚ್ಯುಟಿ ಬಂದ್ರೆ ಪರ್ಸನಲ್ ಲೋನ್ ಉಳಿದಿದ್ದನ್ನ ತೀರಿಸಿಬಿಡೋಣ ಅಂತಿದೀನಿ. ಆಮೇಲೇನು ಅಂತ ಈಗ್ಲೂ ಗೊತ್ತಿಲ್ಲ, ಅದನ್ನ ಯಾರೂ ಕೇಳ್ಬೇಡಿ ದಯವಿಟ್ಟು.

ಉಳಿದಿರೋದು ಅಪ್ಪನ ಇನ್ಶೂರೆನ್ಸ್ ಒಂದೇ. 66 ವಯಸ್ಸು, ಶುಗರ್, ಸ್ಟೆಂಟ್, ಯಾರಾದ್ರೂ ಕೊಡ್ತಾರಾ?


ಬಸವನಗುಡಿ_ರಾಯರು

ಲೋನ್ ತೀರಿಸೋ ಮುಂಚೆ ಫೋರ್‌ಕ್ಲೋಷರ್ ಚಾರ್ಜ್, ಅಂದ್ರೆ ಅವಧಿಗೆ ಮುಂಚೆ ತೀರಿಸಿದ್ದಕ್ಕೆ ಹಾಕೋ ಶುಲ್ಕ, ಎಷ್ಟು ಕೇಳು. ಮತ್ತೆ ಪೂರ್ತಿ ದುಡ್ಡು ಸಾಲಕ್ಕೆ ಸುರೀಬೇಡ, ಕೈಲಿ ನಗದು ಇರ್ಲಿ, ಕೆಲಸ ಇಲ್ಲದವರಿಗೆ ಮತ್ತೆ ಸಾಲ ಕೊಡೋ ಬ್ಯಾಂಕಿಲ್ಲ. ಅಪ್ಪ ಹೇಳಿದ ಮೇಲೆ ನನ್ನದೇನೂ ತಕರಾರಿಲ್ಲ, ಒಳ್ಳೇದಾಗ್ಲಿ ಮಗೂ.


ಕುಡ್ಲದ_ನರ್ಸ್

ಕೊಡುತ್ತಾರೆ, ಆದರೆ ಕೇಳುವ ಕ್ರಮ ಉಂಟು. ಮೊದಲು ಈಗ ನಿಮ್ಮ ಕಂಪನಿಗೆ ಗ್ರೂಪ್ ಪಾಲಿಸಿ ಕೊಟ್ಟ ಇನ್ಶೂರೆನ್ಸ್ ಕಂಪನಿಯನ್ನೇ ಕೇಳಿ, ಅದೇ ಕಂಪನಿಯ ಸ್ವಂತ ಪಾಲಿಸಿಗೆ ಮೈಗ್ರೇಟ್ ಆಗುವ ಅವಕಾಶ ಉಂಟು, ಗ್ರೂಪ್ ಪಾಲಿಸಿಯಲ್ಲಿ ಕಳೆದ ವರ್ಷಗಳನ್ನು ವೆಯ್ಟಿಂಗ್ ಪೀರಿಯಡಿಗೆ (ಹಳೇ ಕಾಯಿಲೆಗೆ ಕ್ಲೇಮ್ ಸಿಗುವ ಮೊದಲು ಕಾಯಬೇಕಾದ ಅವಧಿ) ಲೆಕ್ಕ ಹಿಡಿಯುತ್ತಾರೆ. ಅಪ್ಪನ ರಿಪೋರ್ಟ್ ನೋಡಿ ಪ್ರೀಮಿಯಂ ಜಾಸ್ತಿ ಹಾಕಬಹುದು, ಬೇಡ ಅಂತಲೂ ಹೇಳಬಹುದು, ಅದಕ್ಕೇ ಈಗಲೇ ಶುರು ಮಾಡಿ. ಅಲ್ಲಿ ಆಗದಿದ್ದರೆ ಬೇರೆ ಕಂಪನಿಯ ಹೊಸ ಪಾಲಿಸಿ, 2024ರ ನಿಯಮದ ನಂತರ 65 ದಾಟಿದರೆ ಕೊಡುವುದಿಲ್ಲ ಅನ್ನುವ ಮಿತಿ ಇಲ್ಲ, ಮೊದಲೇ ಇರುವ ಕಾಯಿಲೆಗೆ ಹೆಚ್ಚೆಂದರೆ 3 ವರ್ಷ ಕಾಯಿಸಬಹುದು. 2025 ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಅದೊಂದು ಸಮಾಧಾನ.

ಊರಲ್ಲಿ ಅಪ್ಪ ಅಮ್ಮನ ಹೆಸರಲ್ಲಿ ಬಿಪಿಎಲ್ ಕಾರ್ಡ್ ಉಂಟಾ? ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಗುತ್ತದೆ. 70 ತುಂಬಿದ ಮೇಲೆ ಆದಾಯ ನೋಡದೆ ಕೊಡುವ ಕಾರ್ಡ್ ಬೇರೆ, ಅದಕ್ಕೆ ಅಪ್ಪನಿಗೆ ಇನ್ನೂ ನಾಲ್ಕು ವರ್ಷ ಉಂಟು.

ಅರ್ಜಿ ತುಂಬುವಾಗ ಸ್ಟೆಂಟ್ ಹಾಕಿದ ತಾರೀಖು, ಶುಗರ್ ಮಾತ್ರೆ, ಬಿಪಿ ಮಾತ್ರೆ ಇದ್ದರೆ ಅದೂ, ಎಲ್ಲವನ್ನೂ ಬರೆಯಿರಿ. ಏಜೆಂಟ್ ಬೇಡ ಅಂತ ಹೇಳುತ್ತಾನೆ, ಕೇಳಬೇಡಿ, ಮುಚ್ಚಿಟ್ಟದ್ದು ಕ್ಲೇಮ್ ದಿವಸ ಹೊರಗೆ ಬರುತ್ತದೆ. ಡಿಸ್ಚಾರ್ಜ್ ಸಮ್ಮರಿ ಹುಡುಕಿಟ್ಟುಕೊಳ್ಳಿ, ಇಲ್ಲದಿದ್ದರೆ ಸ್ಟೆಂಟ್ ಹಾಕಿದ ಆಸ್ಪತ್ರೆಯ ರೆಕಾರ್ಡ್ ಸೆಕ್ಷನಿನಲ್ಲಿ ಅರ್ಜಿ ಕೊಟ್ಟು ನಕಲು ತೆಗೆದುಕೊಳ್ಳಿ, ಈ ವಾರವೇ.